ಒಂದು ಪ್ರೋಗ್ರಾಂ ಬರೆಯುತ್ತಿರುವಾಗಲೇ ಇನ್ನೊಂದು ಓದಿದರೆ: ಫೈಲ್ ತಕರಾರು ಪತ್ತೆ ಮಾಡುವ ಕೈಪಿಡಿ

ಬೈಕಂಪಾಡಿಯ ವೇ ಬ್ರಿಡ್ಜ್ (ಲಾರಿಯ ತೂಕ ನೋಡುವ ಯಂತ್ರ) ಇರಲಿ, ಮಲ್ಪೆಯ ಐಸ್ ಪ್ಲಾಂಟ್ ಇರಲಿ, ಗೇರುಬೀಜದ ಫ್ಯಾಕ್ಟರಿ ಇರಲಿ, ಆಫೀಸಿನ ಒಳಗೆ ಹೋಗಿ ನೋಡಿದರೆ ಕಂಪ್ಯೂಟರ್ ವ್ಯವಸ್ಥೆ ಹೆಚ್ಚುಕಮ್ಮಿ ಒಂದೇ ತರ. ಯಂತ್ರದ ಜೊತೆ ಬಂದ ಸಾಫ್ಟ್‌ವೇರ್ ಒಂದು ಫೈಲಿಗೆ ಸಾಲು ಸಾಲಾಗಿ ಬರೆಯುತ್ತಾ ಹೋಗುತ್ತದೆ. ಆ ಫೈಲನ್ನು ಓದಿ ಬಿಲ್ ಮಾಡಲು ಅಥವಾ ಗೋಡೆಯ ಟಿವಿಯಲ್ಲಿ ತೋರಿಸಲು ಊರಿನಲ್ಲೇ ಯಾರೋ ಬರೆದುಕೊಟ್ಟ ಇನ್ನೊಂದು ಪ್ರೋಗ್ರಾಂ ಇರುತ್ತದೆ. ಬೇರೆ ಬೇರೆಯಾಗಿ ಓಡಿಸಿದರೆ ಎರಡೂ ಸರಿಯಾಗಿಯೇ ಕೆಲಸ ಮಾಡುತ್ತವೆ. ಒಂದೇ ಫೈಲಿನ ಮೇಲೆ ಒಂದೇ ಹೊತ್ತಿಗೆ ಕೈ ಹಾಕಿದಾಗ ತಕರಾರು ಶುರು.

ದೂರು ಬರುವ ರೂಪ ಬೇರೆ ಬೇರೆ. "ಫೈಲ್ ಓಪನ್ ಆಗ್ತಾ ಇಲ್ಲ", "ಬಿಲ್ಲಿನಲ್ಲಿ ತೂಕ ಕಮ್ಮಿ ತೋರಿಸ್ತದೆ", "ಮಧ್ಯಾಹ್ನದ ಮೇಲೆ ಪರದೆ ಬದಲಾಗುವುದೇ ಇಲ್ಲ". ಎಲ್ಲದಕ್ಕೂ ಒಂದೇ ಮದ್ದು ಹಾಕುವವರಿದ್ದಾರೆ: ರೀಸ್ಟಾರ್ಟ್. ರೀಸ್ಟಾರ್ಟ್ ಮಾಡಿದರೆ ತೊಂದರೆ ಹೋಗುತ್ತದೆ, ಹೌದು. ಅದರ ಕಾರಣದ ಗುರುತೂ ಜೊತೆಗೇ ಹೋಗುತ್ತದೆ. ಹಾಗಾಗಿ ಆ ಬಟನ್ ಮುಟ್ಟುವ ಮೊದಲು ಒಂದು ಪ್ರಶ್ನೆ ಕೇಳಿ: ಎರರ್ ಬಂತಾ, ಅಥವಾ ಎರರ್ ಇಲ್ಲದೆಯೇ ಲೆಕ್ಕ ತಪ್ಪಿತಾ?

ಎರರ್ ಬಂದರೆ ನನಗೆ ಅರ್ಧ ಸಮಾಧಾನ. ಬಿಲ್ ಬರಲಿಲ್ಲ ಎಂದು ಎಲ್ಲರಿಗೂ ಗೊತ್ತಾಗಿರುತ್ತದೆ, ಲಾರಿ ನಿಂತಿರುತ್ತದೆ, ಯಾರಾದರೂ ಫೋನ್ ಮಾಡುತ್ತಾರೆ. ಎರರ್ ಇಲ್ಲದೆ ತಪ್ಪಾದರೆ ಯಾರಿಗೂ ಗೊತ್ತಾಗುವುದಿಲ್ಲ. ತಿಂಗಳ ಕೊನೆಗೆ ಲೆಕ್ಕ ತಾಳೆಯಾಗದಾಗ ಜಗಳ ಶುರುವಾಗುತ್ತದೆ.

ಎರರ್ ಬರುವ ಜಾತಿ

ವಿಂಡೋಸ್‌ನಲ್ಲಿ "ಈ ಫೈಲನ್ನು ಇನ್ನೊಂದು ಪ್ರೋಸೆಸ್ ಬಳಸುತ್ತಿದೆ" ಎಂಬ ಅರ್ಥದ ಸಂದೇಶ ಬರುತ್ತದೆ. ಅದರ ಹಿಂದಿನ ನಂಬರ್ 32. ಕೆಲವೊಮ್ಮೆ 33 ಬರಬಹುದು. ಫೈಲಿನ ಒಂದು ಭಾಗಕ್ಕೆ ಮಾತ್ರ ಬೀಗ ಬಿದ್ದಿದೆ ಎಂದು ಅದರ ಅರ್ಥ. ಸಿಗುವುದು ಹೆಚ್ಚಾಗಿ 32.

ಮೊದಲು ಒಂದು ಸುಲಭದ ಪರೀಕ್ಷೆ ಮಾಡಿ. ಅದೇ ಹೊತ್ತಿಗೆ ಆ ಫೈಲನ್ನು ನೋಟ್‌ಪ್ಯಾಡ್‌ನಲ್ಲಿ ತೆರೆಯಿರಿ. ನೋಟ್‌ಪ್ಯಾಡ್‌ನಲ್ಲಿ ತೆರೆದುಕೊಂಡು ನಿಮ್ಮ ಪ್ರೋಗ್ರಾಂನಲ್ಲಿ ತೆರೆಯದಿದ್ದರೆ, ದೋಷ ಬರೆಯುವ ಸಾಫ್ಟ್‌ವೇರ್‌ನದ್ದಲ್ಲ, ನಿಮ್ಮದು. ನೋಟ್‌ಪ್ಯಾಡ್‌ಗೂ ತೆರೆಯದಿದ್ದರೆ ಬರೆಯುವವನೇ ಬಾಗಿಲು ಪೂರ್ತಿ ಹಾಕಿಕೊಂಡಿದ್ದಾನೆ. ತೆರೆದು ನೋಡಿ ಮುಚ್ಚಿ, ಸೇವ್ ಮಾತ್ರ ಒತ್ತಬೇಡಿ. ಒತ್ತಿದರೆ ನೀವು ತೆರೆದ ಮೇಲೆ ಫೈಲಿಗೆ ಸೇರಿದ ಸಾಲುಗಳೆಲ್ಲ ಅಳಿಸಿ ಹೋಗುತ್ತವೆ. "ಒಂದು ಸ್ಪೆಲಿಂಗ್ ಸರಿ ಮಾಡಿದ್ದು ಅಷ್ಟೇ" ಎನ್ನುವವರ ಕೈಯಲ್ಲಿ ಹೋದ ಸಾಲುಗಳಿಗೆ ಲೆಕ್ಕವಿಲ್ಲ.

ನೋಟ್‌ಪ್ಯಾಡ್‌ಗೆ ಆಗುವುದು ನಿಮಗೆ ಯಾಕೆ ಆಗುವುದಿಲ್ಲ? ವಿಂಡೋಸ್‌ನಲ್ಲಿ ಫೈಲ್ ತೆರೆಯುವಾಗ ಪ್ರೋಗ್ರಾಂ ಎರಡು ವಿಷಯ ಹೇಳಬೇಕು. ಒಂದು, ನಾನು ಏನು ಮಾಡುತ್ತೇನೆ: ಓದುತ್ತೇನಾ, ಬರೆಯುತ್ತೇನಾ. ಎರಡು, ನಾನು ತೆರೆದಿಟ್ಟಿರುವಷ್ಟು ಹೊತ್ತು ಉಳಿದವರಿಗೆ ಏನೇನು ಮಾಡಲು ಬಿಡುತ್ತೇನೆ: ಓದಲು, ಬರೆಯಲು, ಅಳಿಸಲು ಅಥವಾ ಹೆಸರು ಬದಲಿಸಲು. ಈ ಎರಡನೆಯದ್ದೇ ಶೇರ್ ಮೋಡ್. ಹೊಸಬ ಬಂದಾಗ ವಿಂಡೋಸ್ ಎರಡೂ ಕಡೆಯಿಂದ ನೋಡುತ್ತದೆ. ಮೊದಲೇ ತೆರೆದವನು ಇವನ ಕೆಲಸಕ್ಕೆ ಒಪ್ಪಿದ್ದಾನಾ? ಇವನು ಹಾಕುವ ಶರತ್ತಿಗೆ ಅವನು ಈಗಾಗಲೇ ಮಾಡುತ್ತಿರುವ ಕೆಲಸ ಹೊಂದುತ್ತದಾ? ಎರಡರಲ್ಲಿ ಒಂದು ತಪ್ಪಿದರೂ 32.

ಜನ ಮರೆಯುವುದು ಈ ಎರಡನೇ ಪರೀಕ್ಷೆಯನ್ನು. "ನಾನು ಬರೀ ಓದುವುದು, ನನಗ್ಯಾಕೆ ತಡೆ?" ಎಂದು ಕೇಳುತ್ತಾರೆ. ಮೈಕ್ರೋಸಾಫ್ಟ್‌ನ ಡಾಟ್‌ನೆಟ್‌ನಲ್ಲಿ ಫೈಲ್ ಓದಲು ಇರುವ ಓಪನ್‌ರೀಡ್, ರೀಡ್‌ಆಲ್‌ಲೈನ್ಸ್ ಅಥವಾ ಸ್ಟ್ರೀಮ್‌ರೀಡರ್‌ಗೆ ಬರೀ ಫೈಲ್ ಹೆಸರು ಕೊಟ್ಟರೆ ಶೇರ್ ಮೋಡ್ ತನ್ನಷ್ಟಕ್ಕೇ ‘ರೀಡ್’ ಆಗುತ್ತದೆ. ಅಂದರೆ ನೀವು ಹೇಳಿದ್ದು, "ನಾನು ಓದುವಾಗ ಉಳಿದವರೂ ಓದಬಹುದು, ಆದರೆ ಯಾರೂ ಬರೆಯಬಾರದು". ಅಲ್ಲಿ ಒಬ್ಬ ಆಗಲೇ ಬರೆಯುತ್ತಾ ಕೂತಿದ್ದಾನೆ. ಅವನನ್ನು ಎಬ್ಬಿಸಲು ವಿಂಡೋಸ್ ತಯಾರಿಲ್ಲ, ನಿಮ್ಮನ್ನೇ ವಾಪಸ್ ಕಳಿಸುತ್ತದೆ.

ಪರಿಹಾರ ಒಂದೇ ಸಾಲಿನದು. ಫೈಲ್‌ಸ್ಟ್ರೀಮ್ ತೆರೆಯುವಾಗ ಕೆಲಸದ ಜಾಗದಲ್ಲಿ ‘ರೀಡ್’, ಶೇರ್ ಜಾಗದಲ್ಲಿ ‘ರೀಡ್‌ರೈಟ್’ ಎಂದು ಬಿಡಿಸಿ ಬರೆಯಿರಿ. ಶೇರ್‌ಗೆ ‘ಡಿಲೀಟ್’ ಕೂಡ ಸೇರಿಸಿದರೆ ಇನ್ನೂ ಒಳ್ಳೆಯದು. ಯಾಕೆಂದು ಮುಂದೆ ಹೇಳುತ್ತೇನೆ. ಇಲ್ಲಿ ಕೊಡುತ್ತಿರುವುದು ನಿಮಗೆ ಬರೆಯುವ ಅಧಿಕಾರವಲ್ಲ, ಇನ್ನೊಬ್ಬನಿಗೆ ಬರೆಯಲು ಬಿಡುವ ಒಪ್ಪಿಗೆ. ಇದನ್ನು ಕೇಳಿ "ಓದುವ ಪ್ರೋಗ್ರಾಂಗೆ ರೈಟ್ ಕೊಡುವುದು ಅಪಾಯ ಅಲ್ವಾ?" ಎಂದು ಹೆದರುವವರಿದ್ದಾರೆ. ಹೆದರಬೇಕಾಗಿಲ್ಲ.

ಪೈಥಾನ್ ಬಳಸುವವರಿಗೆ ಬೇರೆ ಕಿರಿಕಿರಿ. ಅಲ್ಲಿನ ಓಪನ್ ಮೊದಲೇ ಓದು-ಬರಹ ಎರಡನ್ನೂ ಬಿಡುತ್ತದೆ, ಹಾಗಾಗಿ ಈ ಮೇಲಿನ ತೊಂದರೆ ಬರುವುದು ಕಮ್ಮಿ. ಆದರೆ ಬರೆಯುವವನು ಬಾಗಿಲು ಪೂರ್ತಿ ಹಾಕಿಕೊಂಡಿದ್ದರೆ ಪೈಥಾನ್ ತೋರಿಸುವುದು 32 ಅಲ್ಲ, ‘ಪರ್ಮಿಷನ್ ಡಿನೈಡ್’, ನಂಬರ್ 13. ಪರ್ಮಿಷನ್ ಎಂಬ ಮಾತು ಕಂಡ ಕೂಡಲೇ ಜನ ಫೋಲ್ಡರಿನ ಪ್ರಾಪರ್ಟೀಸ್‌ಗೆ ಹೋಗಿ ‘ಎವ್ರಿವನ್’ಗೆ ‘ಫುಲ್ ಕಂಟ್ರೋಲ್’ ಕೊಡುತ್ತಾರೆ. ತೊಂದರೆ ಹಾಗೇ ಉಳಿಯುತ್ತದೆ, ಫೋಲ್ಡರ್ ಮಾತ್ರ ಎಲ್ಲರಿಗೂ ತೆರೆದುಬಿಡುತ್ತದೆ. ಒಂದು ಸಲ ಬಂದು ಇನ್ನೊಂದು ಸಲ ಬಾರದ ಪರ್ಮಿಷನ್ ಎರರ್ ಹೆಚ್ಚಾಗಿ ಪರ್ಮಿಷನ್‌ದೇ ಅಲ್ಲ. ನಿಜವಾದ ಪರ್ಮಿಷನ್ ತೊಂದರೆ ಪ್ರತಿ ಸಲವೂ ಬರುತ್ತದೆ.

ಯಾರು ಹಿಡಿದಿದ್ದಾರೆ ಎಂದು ನೋಡುವುದು

ಎರರ್ ಬಂದಾಗ ಫೈಲ್ ಯಾರ ಕೈಯಲ್ಲಿದೆ ಎಂದು ಊಹೆ ಮಾಡುವುದು ಬೇಡ. ವಿಂಡೋಸ್‌ನ ರಿಸೋರ್ಸ್ ಮಾನಿಟರ್ ತೆರೆದು, ಸಿಪಿಯು ಟ್ಯಾಬಿನಲ್ಲಿ ‘ಅಸೋಸಿಯೇಟೆಡ್ ಹ್ಯಾಂಡಲ್ಸ್’ ಎಂಬ ಕಡೆ ಫೈಲಿನ ಹೆಸರು ಟೈಪ್ ಮಾಡಿ. ಹಿಡಿದಿರುವ ಪ್ರೋಗ್ರಾಂಗಳ ಪಟ್ಟಿ ಬರುತ್ತದೆ. ಸಿಸ್‌ಇಂಟರ್ನಲ್ಸ್‌ನ ಪ್ರೋಸೆಸ್ ಎಕ್ಸ್‌ಪ್ಲೋರರ್ ಇದ್ದರೆ ಅದರ ‘ಫೈಂಡ್’ ಮೆನುವಿನಿಂದ ಹುಡುಕಿ. ಪವರ್‌ಟಾಯ್ಸ್ ಹಾಕಿಕೊಂಡವರಿಗೆ ಫೈಲ್ ಲಾಕ್‌ಸ್ಮಿತ್ ಸಿಗುತ್ತದೆ, ಫೈಲಿನ ಮೇಲೆ ರೈಟ್ ಕ್ಲಿಕ್ ಮಾಡಿದರೆ ಸಾಕು.

ಫೈಲ್ ಇನ್ನೊಂದು ಕಂಪ್ಯೂಟರಿನ ಶೇರ್ಡ್ ಫೋಲ್ಡರಿನಲ್ಲಿದ್ದರೆ ನಿಮ್ಮ ಕಂಪ್ಯೂಟರಿನಲ್ಲಿ ಹುಡುಕಿ ಪ್ರಯೋಜನವಿಲ್ಲ. ಫೈಲ್ ಇರುವ ಕಂಪ್ಯೂಟರಿಗೆ ಹೋಗಿ ಕಂಪ್ಯೂಟರ್ ಮ್ಯಾನೇಜ್‌ಮೆಂಟ್‌ನಲ್ಲಿ ಶೇರ್ಡ್ ಫೋಲ್ಡರ್ಸ್, ಅದರೊಳಗೆ ಓಪನ್ ಫೈಲ್ಸ್ ನೋಡಿ. ಯಾವ ಯೂಸರ್ ಹಿಡಿದಿದ್ದಾರೆ ಎಂದು ಅಲ್ಲಿ ಕಾಣುತ್ತದೆ.

ಸಿಕ್ಕಿಬೀಳುವವರು ಹೆಚ್ಚಾಗಿ ಗೊತ್ತಿದ್ದವರೇ. ಮೊದಲನೆಯದು ಎಕ್ಸೆಲ್. ಆಫೀಸಿನಲ್ಲಿ ಯಾರೋ ಸಿಎಸ್‌ವಿ (ಅಲ್ಪವಿರಾಮ ಹಾಕಿ ಬರೆದ ಸಾಲುಗಳ) ಫೈಲನ್ನು ಎಕ್ಸೆಲ್‌ನಲ್ಲಿ ತೆರೆದು ಊಟಕ್ಕೆ ಹೋಗಿರುತ್ತಾರೆ. ಎಕ್ಸೆಲ್ ಅದನ್ನು ತೆರೆದಿಟ್ಟಷ್ಟು ಹೊತ್ತು ಬೇರೆ ಯಾರೂ ಬರೆಯುವಂತಿಲ್ಲ. ಇಲ್ಲಿ ದೊಡ್ಡ ಪೆಟ್ಟು ಬೀಳುವುದು ಓದುವ ಪ್ರೋಗ್ರಾಂಗೆ ಅಲ್ಲ, ತೂಕ ಬರೆಯುವ ಸಾಫ್ಟ್‌ವೇರ್‌ಗೆ. ಅದು ಪ್ರತಿ ಲಾರಿಗೂ ಫೈಲ್ ತೆರೆದು, ಸಾಲು ಸೇರಿಸಿ, ಮುಚ್ಚುವ ಜಾತಿಯದ್ದಾದರೆ ಆ ಊಟದ ಹೊತ್ತಿನಲ್ಲಿ ಬಂದ ಲಾರಿಗಳ ಸಾಲು ಫೈಲಿಗೆ ಹೋಗುವುದೇ ಇಲ್ಲ. ಕೆಲವು ಸಾಫ್ಟ್‌ವೇರ್‌ಗಳು ಅದನ್ನು ಹೇಳುವ ಗೋಜಿಗೂ ಹೋಗುವುದಿಲ್ಲ. ನಿಮ್ಮ ಓದುವ ಪ್ರೋಗ್ರಾಂ ಶೇರ್ ಮೋಡ್ ‘ರೀಡ್’ ಇಟ್ಟುಕೊಂಡು ಫೈಲನ್ನು ದಿನವಿಡೀ ಹಿಡಿದು ಕೂತರೂ ಇದೇ ಆಗುತ್ತದೆ. ಕ್ರಮಸಂಖ್ಯೆಯಲ್ಲಿ ಒಂದೆರಡು ನಂಬರ್ ಮಧ್ಯದಲ್ಲಿ ತಪ್ಪಿದ್ದರೆ ಮೊದಲು ಅನುಮಾನ ಪಡಬೇಕಾದ್ದು ಇದನ್ನೇ: ಓದುವವನೇ ಬರೆಯುವವನನ್ನು ತಡೆದಿದ್ದಾನಾ?

ಉಳಿದವರು ಆಂಟಿವೈರಸ್, ಬ್ಯಾಕಪ್, ಕ್ಲೌಡ್ ಸಿಂಕ್. ಇವು ಹಿಡಿಯುವುದು ಸಣ್ಣ ಹೊತ್ತು. ಇವುಗಳಿಗೆ ಮತ್ತೆ ಮತ್ತೆ ಪ್ರಯತ್ನಿಸುವ ಕೋಡ್ ಸಾಕು. ಮೊದಲ ಸಲ 50 ಮಿಲಿಸೆಕೆಂಡ್ ಕಾಯಿರಿ, ಆಮೇಲೆ 100, ಆಮೇಲೆ 200, ಹೀಗೆ ಕೆಲವು ಸೆಕೆಂಡ್ ತನಕ. ಆಮೇಲೂ ಆಗದಿದ್ದರೆ ಪರದೆಯಲ್ಲಿ ಸ್ಪಷ್ಟವಾಗಿ ಹೇಳಿ. ಕೊನೆಯಿಲ್ಲದ ಲೂಪ್ ಹಾಕಿ ಸುಮ್ನೆ ಕೂತರೆ ಗೇಟಿನಲ್ಲಿರುವವರಿಗೆ ಪ್ರೋಗ್ರಾಂ ಹ್ಯಾಂಗ್ ಆದಂತೆ ಕಾಣುತ್ತದೆ, ಮತ್ತೆ ರೀಸ್ಟಾರ್ಟ್. ಸಾಧ್ಯವಿದ್ದರೆ ತೂಕದ ಫೋಲ್ಡರನ್ನು ಕ್ಲೌಡ್ ಸಿಂಕ್‌ನಿಂದ ಹೊರಗಿಡಿ.

ಎರರ್ ಇಲ್ಲದೆ ತಪ್ಪುವ ಜಾತಿ

ಇದಕ್ಕೆ ಜಾಸ್ತಿ ಹೊತ್ತು ಕೊಡಬೇಕು. ಒಂದು ವೇ ಬ್ರಿಡ್ಜ್‌ನ ಆಪರೇಟರ್ ನನಗೆ ಫೋನಿನಲ್ಲಿ ಹೇಳಿದ್ದು ಹೀಗೆ: "ಎಂತ ಮಾರಾಯ್ರೆ, ಹದಿನೆಂಟು ಟನ್ ಮಾಲು ಉಂಟು, ಬಿಲ್ಲಿನಲ್ಲಿ ಎರಡು ಟನ್ ಕೂಡ ಇಲ್ಲ. ಕಂಪ್ಯೂಟರ್ ಸಹ ಕಳ್ಳ ಲೆಕ್ಕ ಹೇಳ್ತದಾ?"

ಫೈಲಿನಲ್ಲಿ ಒಂದು ಲಾರಿಗೆ ಒಂದು ಸಾಲು. ಕ್ರಮಸಂಖ್ಯೆ, ದಿನಾಂಕ, ಲಾರಿ ನಂಬರ್, ಲೋಡ್ ತೂಕ, ಖಾಲಿ ತೂಕ, ಕೊನೆಗೆ ನಿವ್ವಳ ತೂಕ, ನಡುವೆ ಅಲ್ಪವಿರಾಮ. ಆ ಸಾಲಿನ ಕೊನೆಯ ಮೂರು ಅಂಕಿ 28450, 9820, 18630 ಇರಬೇಕಿತ್ತು. ಬಿಲ್ಲಿನ ಪ್ರೋಗ್ರಾಂ ಓದಿದ್ದು 28450, 9820, 1863. ಕೊನೆಯ ಸೊನ್ನೆ ಇನ್ನೂ ಫೈಲಿಗೆ ಬಿದ್ದಿರಲಿಲ್ಲ. 1863 ಕೂಡ ಒಳ್ಳೆಯ ಸಂಖ್ಯೆಯೇ. ಅಲ್ಪವಿರಾಮಗಳ ಲೆಕ್ಕವೂ ಸರಿ. ಹಾಗಾಗಿ ಪ್ರೋಗ್ರಾಂಗೆ ಅನುಮಾನ ಬರಲು ಕಾರಣವೇ ಇಲ್ಲ. ಆಮೇಲೆ ಫೈಲ್ ತೆರೆದು ನೋಡಿದರೆ 18630 ಸರಿಯಾಗಿಯೇ ಇದೆ. ಅಲ್ಲಿಗೆ ಬರೆಯುವ ಕಂಪನಿಯವರು "ನಮ್ಮ ಫೈಲ್ ಸರಿ ಇದೆ" ಎಂದು ಫೋನ್ ಇಡುತ್ತಾರೆ. ಅವರು ಹೇಳುವುದು ನಿಜವೇ.

ಸಾಲು ಅರ್ಧವಾಗಿ ಕಾಣಲು ಎರಡು ಕಾರಣ. ಬರೆಯುವ ಪ್ರೋಗ್ರಾಂ ಒಂದು ಸಾಲನ್ನು ಎರಡು ಮೂರು ತುಂಡು ಮಾಡಿ ಬರೆಯುತ್ತಿರಬಹುದು. ಅವುಗಳ ನಡುವೆ ಮಿಲಿಸೆಕೆಂಡ್ ಅಂತರ ಇದ್ದರೂ ಸಾಕು, ಸೆಕೆಂಡಿಗೊಮ್ಮೆ ಇಣುಕುವ ಓದುಗ ಯಾವತ್ತಾದರೂ ಸರಿಯಾಗಿ ಆ ಸಂದಿಗೆ ಬಂದೇ ಬರುತ್ತಾನೆ. ಇನ್ನೊಂದು ಕಾರಣ ಬಫರ್. ಬಹಳಷ್ಟು ಭಾಷೆಗಳಲ್ಲಿ ನೀವು ಬರೆದ ಕೂಡಲೇ ಅದು ಫೈಲಿಗೆ ಹೋಗುವುದಿಲ್ಲ. ಮೆಮೊರಿಯಲ್ಲಿ 4096 ಅಥವಾ 8192 ಬೈಟ್ ಸೇರಿದ ಮೇಲೆ ಒಟ್ಟಿಗೆ ಹೋಗುತ್ತದೆ. ಆ ಗಡಿ ಸಾಲಿನ ಕೊನೆಗೇ ಬೀಳಬೇಕೆಂದೇನೂ ಇಲ್ಲ. ಸಾಲಿನ ನಡುವೆ, ಸಂಖ್ಯೆಯ ನಡುವೆ, ಎಲ್ಲಿ ಬೇಕಾದರೂ ಬೀಳುತ್ತದೆ.

ಎರಡರಲ್ಲಿ ಯಾವುದು ಎಂದು ತಿಳಿಯುವುದು ಸುಲಭ. ಅರ್ಧ ಸಾಲು ಕಂಡು ಮರುಕ್ಷಣ ಪೂರ್ತಿಯಾದರೆ ತುಂಡು ಬರಹ. ಅರ್ಧ ಸಾಲು ಮುಂದಿನ ಲಾರಿ ಬರುವ ತನಕವೋ, ಸಂಜೆ ತನಕವೋ ಹಾಗೇ ಕೂತಿದ್ದರೆ ಬಫರ್. ಇದನ್ನು ಕಣ್ಣಿನಿಂದ ಹಿಡಿಯಲು ಹೋಗಬೇಡಿ. ಓದುವ ಪ್ರೋಗ್ರಾಂ ಪ್ರತಿ ಸಲ ಓದಿದಾಗ ಸಮಯ, ಫೈಲಿನ ಗಾತ್ರ, ಕೊನೆಯ ಬೈಟಿನ ಬೆಲೆ, ಈ ಮೂರನ್ನು ಒಂದು ಲಾಗಿಗೆ ಹಾಕುವಂತೆ ಮಾಡಿ. ಕೊನೆಯ ಬೈಟ್ 10 (ಹೊಸಸಾಲು ಚಿಹ್ನೆಯ ಸಂಖ್ಯೆ) ಆಗಿದ್ದರೆ ಸಾಲು ಮುಗಿದಿದೆ. ಬೇರೆ ಏನಿದ್ದರೂ ಅರ್ಧ ಸಾಲು.

ಪರಿಹಾರದ ನಿಯಮ ಚಿಕ್ಕದು: ಕೊನೆಯ ಹೊಸಸಾಲು ಚಿಹ್ನೆಯ ತನಕ ಮಾತ್ರ ನಂಬಿ. ಅದರ ನಂತರ ಇರುವುದನ್ನು ಮುಟ್ಟಬೇಡಿ. ಎಲ್ಲಿಯ ತನಕ ನಂಬಿದ್ದೀರಿ ಎಂಬ ಜಾಗವನ್ನು ನೆನಪಿಟ್ಟುಕೊಂಡು, ಮುಂದಿನ ಸಲ ಅಲ್ಲಿಂದಲೇ ಓದಿ. ರೀಡ್‌ಲೈನ್ ಎಂಬ ಸಲೀಸಾದ ಫಂಕ್ಷನ್ ಇಲ್ಲಿ ಮೋಸ ಮಾಡುತ್ತದೆ. ಫೈಲ್ ಮುಗಿದರೂ ಅದು ಸಿಕ್ಕಿದ್ದನ್ನು ಒಂದು ಸಾಲು ಎಂದು ಕೊಟ್ಟುಬಿಡುತ್ತದೆ. ಡಾಟ್‌ನೆಟ್‌ನಲ್ಲಂತೂ ಸಾಲಿನ ಕೊನೆಯ ಚಿಹ್ನೆಯನ್ನು ಕಿತ್ತು ಕೊಡುವುದರಿಂದ ಅದು ಇತ್ತೋ ಇಲ್ಲವೋ ಗೊತ್ತಾಗುವುದೂ ಇಲ್ಲ.

ಓದುವಾಗ ಅಕ್ಷರಗಳಾಗಿ ಓದಬೇಡಿ, ಬೈಟ್‌ಗಳಾಗಿ ಓದಿ. ಕನ್ನಡ ಇರುವ ಫೈಲ್‌ಗಳಿಗೆ ಇದು ಇನ್ನೂ ಮುಖ್ಯ. ಅಕ್ಷರಗಳನ್ನು ಬೈಟ್‌ಗಳಾಗಿ ಇಡುವ ಯುಟಿಎಫ್-8 ಪದ್ಧತಿಯಲ್ಲಿ ಕನ್ನಡದ ಪ್ರತಿ ಸಂಕೇತಕ್ಕೂ ಮೂರು ಬೈಟ್ ಬೇಕು. ‘ಉಡುಪಿ’ ಎಂದು ಬರೆದರೆ ಉ, ಡ, ಉಕಾರದ ಕೊಂಬು, ಪ, ಗುಡಿಸು ಎಂದು ಐದು ಸಂಕೇತ, 15 ಬೈಟ್. ‘ಮಂಗಳೂರು’ 21 ಬೈಟ್. ಬಫರಿನ ಗಡಿ ಒಂದು ಸಂಕೇತದ ನಡುವೆಯೇ ಬಿದ್ದರೆ ಪೈಥಾನ್ ‘ಯುನಿಕೋಡ್ ಡಿಕೋಡ್ ಎರರ್’ ಎಂದು ನಿಲ್ಲುತ್ತದೆ. ಬೇರೆ ಕೆಲವು ಕಡೆ ಕಪ್ಪು ವಜ್ರದೊಳಗೆ ಪ್ರಶ್ನೆ ಚಿಹ್ನೆ ಬಂದು ಕೂರುತ್ತದೆ. ಗಡಿ ಎರಡು ಸಂಕೇತಗಳ ನಡುವೆ ಬಿದ್ದರೆ ಇನ್ನೂ ಕಷ್ಟ, ‘ಉಡುಪಿ’ ಹೋಗಿ ‘ಉಡುಪ’ ಆಗುತ್ತದೆ, ಎರರ್ ಇಲ್ಲವೇ ಇಲ್ಲ. ಇಂಗ್ಲಿಷ್ ಹೆಸರು ಹಾಕಿ ಟೆಸ್ಟ್ ಮಾಡಿದ ಪ್ರೋಗ್ರಾಂ ಕನ್ನಡ ಹೆಸರು ಹಾಕಿದ ಕೂಡಲೇ ಯಾವಾಗಲೋ ಒಮ್ಮೆ ಬೀಳಲು ಇದೂ ಒಂದು ಕಾರಣ. ಫಾಂಟ್ ಬದಲಿಸಿದರೆ ಇದು ಸರಿ ಹೋಗುವುದಿಲ್ಲ.

ಯುಟಿಎಫ್-8ರಲ್ಲಿ ಒಂದು ಅನುಕೂಲ ಇದೆ. ಕನ್ನಡ ಸಂಕೇತದ ಮೂರು ಬೈಟ್‌ಗಳೂ 128 ಅಥವಾ ಅದಕ್ಕಿಂತ ಮೇಲಿನವು, ಹಾಗಾಗಿ 10 ಎಂಬ ಬೈಟ್ ಅವುಗಳ ನಡುವೆ ಬರಲು ಸಾಧ್ಯವಿಲ್ಲ. ಬೈಟ್‌ಗಳಲ್ಲಿ 10 ಹುಡುಕಿ, ಅಲ್ಲಿಯ ತನಕ ಕತ್ತರಿಸಿ, ಆಮೇಲೆ ಅಕ್ಷರ ಮಾಡಿದರೆ ಯಾವ ಅಕ್ಷರವೂ ತುಂಡಾಗದು. ಫೈಲ್ ಯುಟಿಎಫ್-16 ಆಗಿದ್ದರೆ ಈ ಲೆಕ್ಕ ನಡೆಯದು. ಅಲ್ಲಿ ಹೊಸಸಾಲೇ ಎರಡು ಬೈಟ್.

ಒಂದು ಎಡವಟ್ಟು ಜಾತಿಯ ಸಾಫ್ಟ್‌ವೇರ್ ಇದೆ. ಅದು ಸಾಲಿನ ಕೊನೆಗೆ ಹೊಸಸಾಲು ಹಾಕುವುದಿಲ್ಲ, ಮುಂದಿನ ಸಾಲು ಬರೆಯುವ ಮೊದಲು ಹಾಕುತ್ತದೆ. ಅಲ್ಲಿ ನನ್ನ ನಿಯಮ ಹಾಕಿದರೆ ಪ್ರತಿ ಬಿಲ್ಲೂ ಒಂದು ಲಾರಿ ತಡ. ಕೊನೆಯ ಲಾರಿಯ ಬಿಲ್ ಮರುದಿನ ಬೆಳಿಗ್ಗೆ. ಇಂಥ ಕಡೆ ಫೈಲಿನ ಒಳಗೇ ತಾಳೆ ನೋಡುವ ದಾರಿ ಹುಡುಕಬೇಕು. ತೂಕದ ಸಾಲಿಗೆ ಅದು ಸುಲಭ: ಲೋಡ್ ತೂಕದಿಂದ ಖಾಲಿ ತೂಕ ಕಳೆದರೆ ನಿವ್ವಳ ಬರಬೇಕು. 28450ರಿಂದ 9820 ಕಳೆದರೆ 18630, 1863 ಅಲ್ಲ. ಹೊಂದದಿದ್ದರೆ ಸಾಲನ್ನು ಬಿಟ್ಟು ಮುಂದಿನ ಸಲ ನೋಡಿ. ನನ್ನನ್ನು ಕೇಳಿದರೆ ಈ ತಾಳೆಯನ್ನು ಹೊಸಸಾಲು ಸರಿಯಾಗಿ ಇರುವ ಕಡೆಯೂ ಹಾಕಬೇಕು. ದುಡ್ಡಿನ ಲೆಕ್ಕ ಅಲ್ವಾ.

ತೊಂದರೆಯನ್ನು ಬೇಕೆಂದೇ ತರಿಸುವುದು

ಅರ್ಧ ಸಾಲು ಯಾವಾಗ ಬರುತ್ತದೆ ಎಂದು ವೇ ಬ್ರಿಡ್ಜ್‌ನಲ್ಲಿ ಕಾದು ಕೂರಬೇಕಾಗಿಲ್ಲ. ನಿಮ್ಮ ಮೇಜಿನ ಮೇಲೇ ತರಿಸಬಹುದು. ಸಣ್ಣ ಸ್ಕ್ರಿಪ್ಟ್ ಬರೆಯಿರಿ: ಫೈಲ್ ತೆರೆಯುವುದು, ಸಾಲಿನ ಮೊದಲರ್ಧ ಬರೆದು ಫ್ಲಶ್ ಮಾಡುವುದು (ಬಫರಿನಲ್ಲಿ ಇದ್ದದ್ದನ್ನು ಕೂಡಲೇ ಫೈಲಿಗೆ ಕಳಿಸುವುದು), ಐದು ಸೆಕೆಂಡ್ ಮಲಗುವುದು, ಉಳಿದರ್ಧ ಬರೆಯುವುದು. ಇದನ್ನು ಓಡಿಸಿ ಪಕ್ಕದಲ್ಲಿ ನಿಮ್ಮ ಓದುವ ಪ್ರೋಗ್ರಾಂ ಹಾಕಿ. ಅರ್ಧವನ್ನು ಸಂಖ್ಯೆಯ ನಡುವೆ ಕತ್ತರಿಸಿ ನೋಡಿ. ಕನ್ನಡ ಅಕ್ಷರದ ಮೊದಲ ಬೈಟ್ ಮಾತ್ರ ಬರೆದು ನೋಡಿ. ಸಾಲಿನ ಕೊನೆಯಲ್ಲಿ 13 (ವಿಂಡೋಸ್‌ನಲ್ಲಿ 10ರ ಮೊದಲು ಬರುವ ಬೈಟ್) ಬರೆದು 10 ಬರೆಯದೆ ನಿಲ್ಲಿಸಿ ನೋಡಿ. ಇಷ್ಟರಲ್ಲಿ ಪಾಸಾದ ಪ್ರೋಗ್ರಾಂ ವೇ ಬ್ರಿಡ್ಜ್‌ನಲ್ಲಿ ಅರ್ಧ ಸಾಲಿಗೆ ಮೋಸ ಹೋಗುವುದಿಲ್ಲ.

ಬರೆಯುವ ಪ್ರೋಗ್ರಾಂ ನಿಮ್ಮದೇ ಆದರೆ ಪೂರ್ತಿ ಸಾಲನ್ನು ಒಂದೇ ಸಲ ಬರೆದು, ಪ್ರತಿ ಸಾಲಿಗೂ ಫ್ಲಶ್ ಮಾಡಿ. ಲಾರಿಗೊಂದು ಸಾಲು ಬರೆಯುವ ಕಡೆ ಫ್ಲಶ್ ಮಾಡಿದರೆ ನಿಧಾನವಾಗುತ್ತದೆ ಎಂಬ ಮಾತಿಗೆ ಅರ್ಥವಿಲ್ಲ.

ಹಳೆಯದನ್ನೇ ತೋರಿಸುತ್ತಿದ್ದರೆ

ಎರರ್ ಇಲ್ಲ, ಅರ್ಧ ಸಾಲೂ ಇಲ್ಲ, ಹೊಸ ಸಾಲು ಮಾತ್ರ ಬರುತ್ತಿಲ್ಲ. ಇಲ್ಲಿ ಮೊದಲು ಮೋಸ ಮಾಡುವುದು ಎಕ್ಸ್‌ಪ್ಲೋರರ್ ಕಿಟಕಿ. ಬರೆಯುವವನು ಫೈಲನ್ನು ಮುಚ್ಚದೆ ತೆರೆದೇ ಇಟ್ಟಿದ್ದರೆ ಫೋಲ್ಡರ್ ಪಟ್ಟಿಯಲ್ಲಿ ಕಾಣುವ ಗಾತ್ರ ಮತ್ತು ಸಮಯ ಹಳೆಯದೇ ಇರಬಹುದು, ಸೊನ್ನೆಯೂ ಇರಬಹುದು. ಅದನ್ನು ನೋಡಿ "ಫೈಲಿಗೆ ಏನೂ ಬರ್ತಾ ಇಲ್ಲ" ಎಂದು ತೀರ್ಮಾನಿಸಬೇಡಿ. ಫೈಲ್ ಬದಲಾಯಿತಾ ಎಂದು ನೋಡಲು ನಿಮ್ಮ ಪ್ರೋಗ್ರಾಂ ಸಹ ಇದೇ ಪಟ್ಟಿಯ ಗಾತ್ರವನ್ನು ನಂಬಿದ್ದರೆ, ನಿಜವಾದ ದೋಷ ಅಲ್ಲೇ ಇದೆ. ಫೈಲ್ ತೆರೆದು, ತೆರೆದ ಹ್ಯಾಂಡಲ್‌ನಿಂದ (ತೆರೆದಾಗ ವಿಂಡೋಸ್ ಕೊಡುವ ಹಿಡಿಕೆಯಿಂದ) ಗಾತ್ರ ಕೇಳಬೇಕು.

ಫೈಲ್ ಶೇರ್ಡ್ ಫೋಲ್ಡರಿನಲ್ಲಿದ್ದರೆ ಇನ್ನೊಂದು ಪದರ ಸೇರುತ್ತದೆ. ವಿಂಡೋಸ್ ನೆಟ್‌ವರ್ಕ್ ಫೈಲ್‌ಗಳ ಮಾಹಿತಿಯನ್ನು ಸಾಮಾನ್ಯವಾಗಿ 10 ಸೆಕೆಂಡ್ ತನ್ನಲ್ಲೇ ಇಟ್ಟುಕೊಳ್ಳುತ್ತದೆ. ಲಿನಕ್ಸ್‌ನ ಎನ್‌ಎಫ್‌ಎಸ್‌ನಲ್ಲಿ (ನೆಟ್‌ವರ್ಕ್ ಮೂಲಕ ಫೈಲ್ ಹಂಚುವ ವ್ಯವಸ್ಥೆ) ಫೈಲ್‌ಗಳಿಗೆ ಇದು 3ರಿಂದ 60 ಸೆಕೆಂಡ್ ತನಕ. ಪರೀಕ್ಷೆ ಹೀಗೆ: ಓದುವ ಪ್ರೋಗ್ರಾಂ ಅನ್ನು ಬರೆಯುವ ಕಂಪ್ಯೂಟರಿನಲ್ಲೇ ಓಡಿಸಿ ನೋಡಿ. ತಡವಾಗುವುದು ನಿಂತರೆ ಕಾರಣ ನೆಟ್‌ವರ್ಕ್ ಕ್ಯಾಶ್ (ಹೀಗೆ ತನ್ನಲ್ಲೇ ಇಟ್ಟುಕೊಂಡ ಮಾಹಿತಿ), ನಿಲ್ಲದಿದ್ದರೆ ಬರೆಯುವವನ ಬಫರ್.

ಇಲ್ಲಿ ಫ್ಲಶ್ ಮತ್ತು ಎಫ್‌ಸಿಂಕ್ ಎರಡನ್ನೂ ಒಂದೇ ಎಂದುಕೊಂಡು ಎಫ್‌ಸಿಂಕ್ ಹಾಕಿಸುವವರಿದ್ದಾರೆ. ಅದೇ ಕಂಪ್ಯೂಟರಿನ ಓದುಗನಿಗೆ ಕಾಣಲು ಫ್ಲಶ್ ಸಾಕು. ಎಫ್‌ಸಿಂಕ್ ಬೇಕಾಗುವುದು ಕರೆಂಟ್ ಹೋದಾಗ ಡಿಸ್ಕಿನಲ್ಲಿ ಉಳಿಯಲು. ಮಳೆಗಾಲದಲ್ಲಿ ಗುಡುಗು ಸಿಡಿಲಿಗೆ ಕರೆಂಟ್ ಹೋಗಿ, ಯುಪಿಎಸ್ಸೂ ಕೈಕೊಟ್ಟು, ಮತ್ತೆ ಆನ್ ಮಾಡಿದಾಗ ಫೈಲಿನ ಕೊನೆಯಲ್ಲಿ ಬರೀ ಸೊನ್ನೆ ಬೈಟ್‌ಗಳು ಕಂಡರೆ ಅದು ಬೇರೆ ಕಥೆ. ಓದುವವನ ಜೊತೆ ಅದಕ್ಕೆ ಸಂಬಂಧವಿಲ್ಲ.

ಮಧ್ಯದಲ್ಲೇ ನಿಂತುಬಿಟ್ಟರೆ

ಬೆಳಿಗ್ಗೆ ಸರಿಯಾಗಿ ಓದುತ್ತದೆ, ಯಾವುದೋ ಹೊತ್ತಿನ ಮೇಲೆ ಒಂದು ಸಾಲೂ ಬರುವುದಿಲ್ಲ. ದಿನ ಬದಲಾದಾಗಲೋ ಫೈಲ್ ದೊಡ್ಡದಾದಾಗಲೋ ಬರೆಯುವವನು ಹಳೆಯ ಫೈಲಿನ ಹೆಸರು ಬದಲಿಸಿ, ಅದೇ ಹೆಸರಿನಲ್ಲಿ ಹೊಸ ಫೈಲ್ ಶುರು ಮಾಡಿರುತ್ತಾನೆ. ಲಿನಕ್ಸ್‌ನಲ್ಲಿ ಓದುವವನು ಹಿಡಿದಿರುವುದು ಹಳೆಯ ಫೈಲನ್ನೇ, ಅದಕ್ಕೆ ಹೊಸ ಹೆಸರು ಬಂದಿದೆ ಅಷ್ಟೇ. ಫೈಲಿನ ಕೊನೆಯ ಸಾಲುಗಳನ್ನು ತೋರಿಸುವ ಟೇಲ್ ಕಮಾಂಡಿಗೆ ಸಣ್ಣ ಎಫ್ ಹಾಕಿದರೆ ಹೀಗೆ ಹಳೆಯದರಲ್ಲೇ ಉಳಿಯುತ್ತದೆ, ದೊಡ್ಡ ಎಫ್ ಹಾಕಿದರೆ ಹೆಸರನ್ನು ಹಿಡಿದು ಹೊಸ ಫೈಲಿಗೆ ಹೋಗುತ್ತದೆ. ನಿಮ್ಮ ಪ್ರೋಗ್ರಾಂನಲ್ಲೂ ಆಗಾಗ ಐನೋಡ್ ನಂಬರ್ (ಲಿನಕ್ಸ್ ಪ್ರತಿ ಫೈಲಿಗೆ ಕೊಡುವ ಗುರುತಿನ ಸಂಖ್ಯೆ) ಹೋಲಿಸಿ, ಬದಲಾಗಿದ್ದರೆ ಹಳೆಯದನ್ನು ಕೊನೆಯ ತನಕ ಓದಿ ಮುಗಿಸಿ, ಆಮೇಲೆ ಹೊಸದನ್ನು ತೆರೆಯಿರಿ.

ಕೆಲವು ಕಡೆ ಹೆಸರು ಬದಲಿಸುವ ಬದಲು ಅದೇ ಫೈಲನ್ನು ಖಾಲಿ ಮಾಡುತ್ತಾರೆ. ಆಗ ನೀವು ನೆನಪಿಟ್ಟ ಜಾಗ ಫೈಲಿನ ಗಾತ್ರಕ್ಕಿಂತ ಮುಂದೆ ಇರುತ್ತದೆ. ಗಾತ್ರ ಆ ಜಾಗಕ್ಕಿಂತ ಕಮ್ಮಿಯಾದರೆ ಸೊನ್ನೆಯಿಂದ ಶುರು ಮಾಡಿ.

ವಿಂಡೋಸ್‌ನಲ್ಲಿ ಇದೇ ಕಥೆ ತಿರುಗಿ ಬೀಳುತ್ತದೆ. ನೀವು ತೆರೆಯುವಾಗ ಶೇರ್‌ಗೆ ‘ಡಿಲೀಟ್’ ಸೇರಿಸದಿದ್ದರೆ ಬರೆಯುವವನಿಗೆ ಹೆಸರು ಬದಲಿಸಲೇ ಆಗುವುದಿಲ್ಲ, ಎರರ್ ಬರುವುದು ಅವನಿಗೆ. ಮೇಲೆ ‘ಡಿಲೀಟ್’ ಸೇರಿಸಿ ಎಂದದ್ದು ಇದಕ್ಕೇ. ಪೈಥಾನ್‌ನ ಓಪನ್ ಅದನ್ನು ಸೇರಿಸುವುದಿಲ್ಲ. ಹಾಗಾಗಿ ಪೈಥಾನ್‌ನಲ್ಲಿ ಓದುವಾಗ ಫೈಲನ್ನು ಹಿಡಿದು ಕೂರದೆ, ತೆರೆದು, ಓದಿ, ಮುಚ್ಚಿ.

ಲಿನಕ್ಸ್‌ನಲ್ಲಿ ಬೀಗದ ಮಾತು

ಲಿನಕ್ಸ್ ಓಡುವ ಪುಟ್ಟ ಕಂಪ್ಯೂಟರ್ ರಾಸ್ಪ್‌ಬೆರಿ ಪೈ ಇಟ್ಟು ಐಸ್ ಪ್ಲಾಂಟಿನ ಉಷ್ಣಾಂಶ ಬರೆಸುವವರು "ಲಿನಕ್ಸ್‌ನಲ್ಲಿ ಈ 32ರ ರಗಳೆ ಇಲ್ಲ" ಎನ್ನುತ್ತಾರೆ. ಇಲ್ಲ, ಹೌದು. ಎರರ್ ಬರುವ ಜಾತಿ ಅಲ್ಲಿ ಇಲ್ಲದಿರುವುದರಿಂದ ಎಲ್ಲವೂ ಎರರ್ ಇಲ್ಲದ ಜಾತಿಗೇ ಸೇರುತ್ತದೆ. ಎಫ್‌ಲಾಕ್ (ಲಿನಕ್ಸ್‌ನ ಫೈಲ್ ಬೀಗ) ಹಾಕಿದ್ದೇವಲ್ಲ ಎಂದರೆ, ಅದು ಬೀಗ ಇದೆಯಾ ಎಂದು ಕೇಳುವವರಿಗೆ ಮಾತ್ರ ಅನ್ವಯ. ಬರೆಯುವವನು ಬೀಗ ಹಾಕಿ, ಓದುವವನು ಬೀಗದ ವಿಷಯವೇ ಕೇಳದೆ ತೆರೆದರೆ ಕರ್ನಲ್ (ಲಿನಕ್ಸ್‌ನ ತಿರುಳು) ತಡೆಯುವುದಿಲ್ಲ. ಬಲವಂತದ ಬೀಗ ಒಂದು ಕಾಲಕ್ಕೆ ಇತ್ತು, 2021ರಲ್ಲಿ ಬಂದ 5.15 ಕರ್ನಲ್‌ನಲ್ಲಿ ಅದನ್ನು ತೆಗೆದುಹಾಕಿದರು. ಯಾರು ಹಿಡಿದಿದ್ದಾರೆ ಎಂದು ನೋಡಲು ಇಲ್ಲಿ ಎಲ್‌ಎಸ್‌ಒಎಫ್ ಅಥವಾ ಫ್ಯೂಸರ್ ಕಮಾಂಡ್.

ಸಾಲುಗಳಿಲ್ಲದ ಫೈಲ್‌ಗಳು

ವೇ ಬ್ರಿಡ್ಜ್‌ನ ಕ್ಯಾಮೆರಾ ತೆಗೆದ ಲಾರಿಯ ಫೋಟೋ, ಎಕ್ಸೆಲ್ ಶೀಟ್, ಜೇಸನ್, ಪಿಡಿಎಫ್. ಇವಕ್ಕೆ ಹೊಸಸಾಲಿನ ನಿಯಮ ನಡೆಯದು, ಪೂರ್ತಿ ಬಂದರೆ ಮಾತ್ರ ಉಪಯೋಗ. ಎಕ್ಸ್‌ಎಲ್‌ಎಸ್‌ಎಕ್ಸ್ ಒಳಗಿನಿಂದ ಒಂದು ಜಿಪ್ ಫೈಲ್, ಒಳಗೆ ಏನೇನಿದೆ ಎಂಬ ಪಟ್ಟಿ ಇರುವುದು ಕೊನೆಯಲ್ಲಿ. ಮುಕ್ಕಾಲು ಕಾಪಿಯಾಗಿದ್ದರೂ ತೆರೆಯುವುದಿಲ್ಲ.

ಫೋಲ್ಡರಿಗೆ ಫೈಲ್ ಬಂದ ಕೂಡಲೇ ತಿಳಿಸುವ ವಾಚರ್ ಇಲ್ಲಿ ಎಲ್ಲರೂ ಬಳಸುವುದು. ವಿಂಡೋಸ್‌ನಲ್ಲಿ ‘ಕ್ರಿಯೇಟೆಡ್’ ಎಂಬ ಸೂಚನೆ ಬರುವುದು ಫೈಲ್ ಹುಟ್ಟಿದಾಗ, ತುಂಬಿದಾಗ ಅಲ್ಲ. ಅದಕ್ಕೆ ಜನ ಮಾಡುವ ಉಪಾಯ: ಎರಡು ಸಲ ಗಾತ್ರ ನೋಡಿ, ಒಂದೇ ಇದ್ದರೆ ಮುಗಿದಿದೆ ಎನ್ನುವುದು. ಈ ಉಪಾಯ ನನಗೆ ಹಿಡಿಸುವುದಿಲ್ಲ. ವಿಂಡೋಸ್ ಕಾಪಿ ಮಾಡುವಾಗ ಮೊದಲೇ ಪೂರ್ತಿ ಗಾತ್ರ ಗುರುತು ಹಾಕಿಟ್ಟು ಆಮೇಲೆ ತುಂಬುತ್ತದೆ, ಹಾಗಾಗಿ ಗಾತ್ರ ಮೊದಲಿನಿಂದಲೂ ಒಂದೇ ಇರುತ್ತದೆ. ನೆಟ್‌ವರ್ಕ್ ಸ್ವಲ್ಪ ಹೊತ್ತು ತಡೆದರೂ ಗಾತ್ರ ನಿಂತೇ ಇರುತ್ತದೆ. ಇಂಥ ಫೋಲ್ಡರಿಗೆ ವಿಂಡೋಸ್‌ನಲ್ಲಿ ಸರಿಯಾದ ಪರೀಕ್ಷೆ ಎಂದರೆ ಶೇರ್ ಮೋಡ್ ‘ನನ್’ ಇಟ್ಟು ತೆರೆದು ನೋಡುವುದು. ತೆರೆದುಕೊಂಡರೆ ಬೇರೆ ಯಾರೂ ಹಿಡಿದಿಲ್ಲ. ಆದರೆ ಸಾಲು ಸೇರುತ್ತಲೇ ಇರುವ ತೂಕದ ಫೈಲಿನ ಮೇಲೆ ಇದನ್ನು ಮಾಡಬೇಡಿ, ಆ ಕ್ಷಣ ಬರೆಯಲು ಬಂದವನಿಗೆ ನೀವೇ ಅಡ್ಡ ಬರುತ್ತೀರಿ. ಲಿನಕ್ಸ್‌ನ ವಾಚರ್ ಆದ ಐನೋಟಿಫೈಗೆ ‘ಕ್ಲೋಸ್ ರೈಟ್’ (ಬರೆದು ಮುಚ್ಚಿದರು) ಎಂಬ ಸೂಚನೆಯೇ ಇದೆ, ‘ಮಾಡಿಫೈ’ ಬಿಟ್ಟು ಅದನ್ನು ಕೇಳಿ.

ಬರೆಯುವ ಕಡೆಯವರು ನಿಮ್ಮ ಮಾತು ಕೇಳುವವರಾದರೆ ಈ ಪರೀಕ್ಷೆಗಳೆಲ್ಲ ಬೇಕಾಗಿಲ್ಲ. ಬೇರೆ ಹೆಸರಿನಲ್ಲಿ ಬರೆದು ಮುಚ್ಚಿ, ಆಮೇಲೆ ಸರಿಯಾದ ಹೆಸರಿಗೆ ಬದಲಿಸಲಿ. ಲಿನಕ್ಸ್‌ನಲ್ಲಿ ಹೆಸರು ಬದಲಿಸುವುದು ಒಂದೇ ಏಟಿಗೆ ಆಗುವ ಕೆಲಸ. ಓದುವವನಿಗೆ ಕಂಡರೆ ಹಳೆಯದು ಪೂರ್ತಿ, ಇಲ್ಲವೇ ಹೊಸದು ಪೂರ್ತಿ. ಪೈಥಾನ್‌ನಲ್ಲಿ ಇದಕ್ಕೆ ಒಎಸ್ ಡಾಟ್ ರಿಪ್ಲೇಸ್ ಇದೆ, 3.3ರಿಂದ. ತಾತ್ಕಾಲಿಕ ಫೈಲ್ ಅದೇ ಫೋಲ್ಡರಿನಲ್ಲಿ ಇರಲಿ. ಸಿ ಡ್ರೈವ್‌ನಲ್ಲಿ ಬರೆದು ಡಿ ಡ್ರೈವ್‌ಗೆ ಸಾಗಿಸಿದರೆ ಅದು ಹೆಸರು ಬದಲಿಸಿದ್ದಲ್ಲ, ಕಾಪಿ ಮಾಡಿದ್ದು. ಬಂದಲ್ಲಿಗೇ ವಾಪಸ್ ಬಂದ ಹಾಗೆ.

ಫೈಲ್ ಡೇಟಾಬೇಸ್ ಆಗಿದ್ದರೆ

ಕೆಲವು ಯಂತ್ರಗಳು ಟೆಕ್ಸ್ಟ್ ಬದಲು ಎಸ್‌ಕ್ಯೂಲೈಟ್ ಎಂಬ ಒಂದೇ ಫೈಲಿನ ಡೇಟಾಬೇಸ್‌ಗೆ ಬರೆಯುತ್ತವೆ. ಅದನ್ನು ಸಾಮಾನ್ಯ ಫೈಲಿನ ಹಾಗೆ ಕಾಪಿ ಮಾಡಿ ಓದಿದರೆ ಇತ್ತೀಚಿನ ಸಾಲುಗಳು ಕಾಣದೆ ಹೋಗಬಹುದು. ಅದರ ಡಬ್ಲ್ಯುಎಎಲ್ (ರೈಟ್ ಅಹೆಡ್ ಲಾಗ್) ಮೋಡ್‌ನಲ್ಲಿ ಹೊಸ ಸಾಲುಗಳು ಮೊದಲು ಪಕ್ಕದ ಇನ್ನೊಂದು ಫೈಲಿಗೆ ಹೋಗುತ್ತವೆ, ನೀವು ಕಾಪಿ ಮಾಡಿದ್ದು ಮುಖ್ಯ ಫೈಲನ್ನು ಮಾತ್ರ. ಕಾಪಿ ಬೇಕಿದ್ದರೆ ಎಸ್‌ಕ್ಯೂಲೈಟ್‌ನದೇ ಬ್ಯಾಕಪ್ ಸೌಲಭ್ಯ ಬಳಸಿ. ಬರೀ ಓದಬೇಕಿದ್ದರೆ ಲೈಬ್ರರಿಯ ಮೂಲಕವೇ ತೆರೆಯಿರಿ. ಡಬ್ಲ್ಯುಎಎಲ್ 2010ರ 3.7.0ರಲ್ಲಿ ಬಂತು, ಅದರಲ್ಲಿ ಓದುವವನೂ ಬರೆಯುವವನೂ ಪರಸ್ಪರ ತಡೆಯುವುದಿಲ್ಲ. ‘ಡೇಟಾಬೇಸ್ ಈಸ್ ಲಾಕ್ಡ್’ ಎಂದು ಬಂದರೆ ‘ಬ್ಯುಸಿ ಟೈಮೌಟ್‌’ಗೆ (ಬೀಗ ಬಿಡುವ ತನಕ ಕಾಯುವ ಸಮಯ) ಕೆಲವು ಸೆಕೆಂಡ್ ಕೊಟ್ಟು ನೋಡಿ. ಆದರೆ ಡಬ್ಲ್ಯುಎಎಲ್ ನಡೆಯುವುದು ಎಲ್ಲರೂ ಒಂದೇ ಕಂಪ್ಯೂಟರಿನಲ್ಲಿದ್ದರೆ ಮಾತ್ರ. ಬಿಲ್ಲಿಂಗ್ ಕಂಪ್ಯೂಟರ್ ಬೇರೆ ಇದ್ದರೆ ಶೇರ್ಡ್ ಫೋಲ್ಡರಿನಿಂದ ಆ ಫೈಲನ್ನು ತೆರೆಯಬೇಡಿ. ಯಂತ್ರದ ಕಂಪ್ಯೂಟರಿನಲ್ಲೇ ಒಂದು ಸಣ್ಣ ಪ್ರೋಗ್ರಾಂ ಕೂರಿಸಿ, ಅದು ಓದಿ ಕಳಿಸಲಿ.